ಎಡೆಯ ದಿನ ನಿಂತ ವ್ಯಾನು

ಬೆಳಿಗ್ಗೆ ಎದ್ದು ಹಾಲು ಒಲೆಗಿಟ್ಟೆ. ನೆನೆಸಿದ್ದ ಹೆಸರುಕಾಳು ಬಸಿದೆ. ಮಗನ ಯೂನಿಫಾರ್ಮಿನ ಕಾಲರಿನಲ್ಲಿ ಕೊಳೆ ಹಾಗೇ ಉಳಿದಿದೆಯಲ್ಲ ಎಂದು ಗೊಣಗಿಕೊಂಡು, ಅದನ್ನೇ ಒಂದಿಷ್ಟು ಒದ್ದೆ ಬಟ್ಟೆಯಲ್ಲಿ ಒರೆಸಿ, ಅಡುಗೆಮನೆಯ ಹಿಂದಿನ ಕಿಟಕಿ ತೆರೆದೆ. ದಿನವೂ ಆ ಕಿಟಕಿಯಿಂದ ಒಳಗೆ ಬರುವುದು ಜಿಗಣಿಯ ಕಾರ್ಖಾನೆಗಳ ಕಡೆಯ ಗಾಳಿ. ಅದಕ್ಕೆ ಕಾದ ಕಬ್ಬಿಣದ್ದೋ ಸುಟ್ಟ ರಬ್ಬರಿನದ್ದೋ ಒಂದು ವಾಸನೆ; ಈಗ ಮೂಗಿಗೆ ಗೊತ್ತಾಗುವುದೂ ಇಲ್ಲ. ಆದರೆ ಇವತ್ತು ಬಂದದ್ದು ಬೇರೆ. ಧನಿಯ, ಚಕ್ಕೆ, ಲವಂಗ, ಸುಟ್ಟ ಕೊಬ್ಬರಿ... ಇಷ್ಟು ಬೆಳಿಗ್ಗೆಯೇ ಯಾರ ಮನೆಯಲ್ಲೋ ಮಟನ್ ಮಸಾಲೆ ಹುರಿಯುತ್ತಿದ್ದರು. ಜೊತೆಗೆ ಎಲ್ಲಿಂದಲೋ ಕರ್ಪೂರದ ಹೊಗೆ. ಆಗ ನೆನಪಾಯಿತು, ಪಿತೃಪಕ್ಷ ಶುರುವಾಗಿದೆ.

ಈ ಕಡೆಯ ಹಳೆಯ ಊರಿನ ಮನೆಗಳಲ್ಲಿ ಪಕ್ಷದ ದಿನಗಳಲ್ಲಿ ತೀರಿಹೋದ ಹಿರಿಯರಿಗೆ ಎಡೆ ಇಡುತ್ತಾರೆ. ಬದುಕಿದ್ದಾಗ ಅವರಿಗೆ ಏನೇನು ಇಷ್ಟವಿತ್ತೋ ಅದೆಲ್ಲ ಬಾಳೆಎಲೆಯ ಮೇಲೆ ಬರಬೇಕು. ಮುದ್ದೆ, ಮಟನ್ ಸಾರು, ಕಜ್ಜಾಯ, ಹೊಸ ಪಂಚೆ. ಬೀಡಿ ಸೇದುತ್ತಿದ್ದವರಿಗೆ ಬೀಡಿಕಟ್ಟು. ಕುಡಿಯುತ್ತಿದ್ದವರಿಗೆ ಒಂದು ಬಾಟಲಿ. ನಮ್ಮ ಮನೆಯಲ್ಲಿ ಈ ಪದ್ಧತಿ ಇಲ್ಲ. ಸಿಸ್ಟರುಗಳ ಕಾನ್ವೆಂಟ್ ಶಾಲೆಯಲ್ಲಿ ಓದಿ, ಮದುವೆಯಾಗಿ ಈ ಕೈಗಾರಿಕಾ ಪ್ರದೇಶದ ಪಕ್ಕದ ಲೇಔಟಿಗೆ ಬಂದ ನನಗೆ ಇದೆಲ್ಲ ಇಲ್ಲಿಗೆ ಬಂದ ಮೇಲೆ ತಿಳಿದದ್ದು. ತಿಳಿದಾಗ ಮೆಚ್ಚಿಯೂ ಇದ್ದೆ. ಆದರೆ ಈಗ ಆ ವಾಸನೆ ಬಂದರೆ ನನಗೆ ಬರುವುದು ಸಿಟ್ಟು. ತೀರಿಕೊಂಡವರ ಮೇಲೆ ಸಿಟ್ಟು ಮಾಡಬಾರದು ಅಂತಾರೆ. ಏನು ಮಾಡಲಿ, ನನ್ನ ಮಗನ ಶಾಲೆಯ ವ್ಯಾನ್ ಅಂಕಲ್ ನೆನಪಾದಾಗಲೆಲ್ಲ ಮೊದಲು ಬರುವುದು ಸಿಟ್ಟೇ. ಉಳಿದದ್ದು ಆಮೇಲೆ, ನಿಧಾನವಾಗಿ ಬರುತ್ತದೆ.

ನಿಧಾನ ಅಂದರೆ ಅವರೇ. ಅಂಥ ನಿಧಾನದ ಡ್ರೈವರನ್ನು ನಾನು ಕಂಡಿಲ್ಲ. ಮಾಸಲು ಬಿಳಿ ವ್ಯಾನು, ಹಳದಿ ಪಟ್ಟಿ, ಇಸ್ತ್ರಿಯ ಗೆರೆ ಅಳಿಸದ ಖಾಕಿ ಷರಟು. ಹೊರಡುವ ಮುಂಚೆ ಹಿಂದೆ ತಿರುಗಿ, "ಕಿಟ್ಕೀಲಿ ಕೈ?" ಎಂದು ಕೇಳುವರು. ಮಕ್ಕಳೆಲ್ಲ ಒಟ್ಟಿಗೆ, "ಒಳಗೇ!" ಎಂದು ಕೂಗಬೇಕು. ಒಂದು ಮಗು ಕೂಗದಿದ್ದರೂ ಗೇರು ಬೀಳುತ್ತಿರಲಿಲ್ಲ. ಆಮೇಲೆ ಆ ವ್ಯಾನು ರಸ್ತೆಯ ಎಡಗಡೆ ಹಿಡಿದು ಮದುಮಗಳ ಹಾಗೆ ಹೊರಡುವುದು. ನನ್ನ ಯಜಮಾನರು ಫ್ಯಾಕ್ಟರಿಗೆ ಹೋಗುವಾಗ ದಾರಿಯಲ್ಲಿ ನೋಡಿ ಬಂದು, "ನಿನ್ನ ವ್ಯಾನ್ ಅಂಕಲ್‌ನ ಇವತ್ತು ಟ್ರ್ಯಾಕ್ಟರ್ ಓವರ್‌ಟೇಕ್ ಮಾಡ್ತು ಕಣೇ. ನಾಳೆ ಎಮ್ಮೆ ಮಾಡುತ್ತೆ ನೋಡ್ತಿರು," ಎಂದು ನಗುತ್ತಿದ್ದರು. ಮಕ್ಕಳಿಗೆ ಶಾಲೆಗೆ ತಡವಾಗುತ್ತದೆಂದು ತಾಯಂದಿರು ದೂರಿದರೆ ಅವರ ಉತ್ತರ ಒಂದೇ: "ಐದ್ ನಿಮಿಷ ಮುಂಚೆ ಎಬ್ಬಿಸ್ರಕ್ಕಾ."

ಗೊತ್ತಿಲ್ಲದ ಕೈಗೆ ಅವರು ಮಗುವನ್ನು ಕೊಡುತ್ತಿರಲಿಲ್ಲ. ಒಂದು ಸಲ ನನಗೆ ಜ್ವರ. ಮಗನನ್ನು ಇಳಿಸಿಕೊಳ್ಳಲು ಊರಿಂದ ಬಂದಿದ್ದ ನನ್ನ ಮೈದುನನನ್ನು ಗೇಟಿನ ಹತ್ತಿರ ನಿಲ್ಲಿಸಿದ್ದೆ. ಮಗ "ಚಿಕ್ಕಪ್ಪಾ" ಎಂದು ಕುಣಿಯುತ್ತಿದ್ದರೂ ಇವರು ಬಾಗಿಲು ತೆರೆಯಲಿಲ್ಲ. "ಚಿಕ್ಕಪ್ಪನೋ ದೊಡ್ಡಪ್ಪನೋ, ನನಗ್ ಗೊತ್ತಿಲ್ವಲ್ಲ ಸಾರ್. ಅಕ್ಕಾವ್ರು ಬರ್ಲಿ." ನಾನು ಶಾಲು ಹೊದ್ದುಕೊಂಡು ನಡುಗುತ್ತ ಹೋಗಿ ನಿಂತ ಮೇಲೆಯೇ ನನ್ನ ಮಗ ನೆಲಕ್ಕಿಳಿದದ್ದು. ಮೈದುನ ಇವತ್ತಿಗೂ ಆ ಮಾತು ಎತ್ತುತ್ತಾನೆ.

ಈ ಊರಿನವರೇ ನಮ್ಮ ಅಂಕಲ್. ಈಗ ಕಾರ್ಖಾನೆಗಳಿರುವ ಜಾಗದಲ್ಲಿ ಅವರ ಅಪ್ಪ ರಾಗಿ ಬೆಳೆಯುತ್ತಿದ್ದರಂತೆ. ಕೊರೋನಾದ ಲಾಕ್‌ಡೌನಿನಲ್ಲಿ ಶಾಲೆ ಮುಚ್ಚಿದಾಗ ಅದೇ ವ್ಯಾನಿನಲ್ಲಿ ಸೊಪ್ಪು ತರಕಾರಿ ಹಾಕಿಕೊಂಡು ನಮ್ಮ ರಸ್ತೆಗೆ ಬರುತ್ತಿದ್ದರು. ಕೊತ್ತಂಬರಿ ಕಟ್ಟನ್ನೂ ಹಿಂದಿನ ಸೀಟಿನ ಮೇಲೆ ಸಾಲಾಗಿ ಕೂರಿಸಿ ತರುತ್ತಿದ್ದರು, ಮಕ್ಕಳನ್ನು ಕೂರಿಸಿದ ಹಾಗೆ. ಆ ಸಮಯದಲ್ಲೇ ಅವರ ಅಪ್ಪ ತೀರಿಕೊಂಡರು. ಶಾಲೆ ಮತ್ತೆ ತೆರೆದಾಗ ವ್ಯಾನು ತೊಳೆದು, ಸೀಟಿಗೆ ಹೊಸ ರೆಕ್ಸಿನ್ ಹಾಕಿಸಿ ಮತ್ತೆ ಬಂದರು. ನನ್ನ ಮಗ ಆಗ ಮೂರನೇ ಕ್ಲಾಸು.

ಅವರು ಕುಡಿಯುತ್ತಿರಲಿಲ್ಲ. ಇದನ್ನು ಹೇಳಲೇಬೇಕು. ಬೇರೆ ವ್ಯಾನಿನ ಡ್ರೈವರೊಬ್ಬ ಬೆಳಿಗ್ಗೆ ಬೀಡಿ ಸೇದುತ್ತ ಕೂತಿದ್ದರೂ ಹೋಗಿ ಜಗಳ ತೆಗೆಯುತ್ತಿದ್ದರು.

ಅದು ಲಾಕ್‌ಡೌನ್ ಮುಗಿದ ಮೇಲಿನ ಪಕ್ಷ. ಅಪ್ಪನಿಗೆ ಇವರು ದೊಡ್ಡ ಮಗನಾಗಿ ಕೂತು ಎಡೆ ಇಡುವ ಸರದಿ. ಅಣ್ಣತಮ್ಮಂದಿರೆಲ್ಲ ಕೂಡಿ ಗೊತ್ತು ಮಾಡಿದ ದಿನ ಶಾಲೆ ಇದ್ದ ದಿನವಾಗಿತ್ತು. ಬೆಳಗಿನ ಟ್ರಿಪ್ ಮುಗಿಸಿ ಮನೆಗೆ ಹೋಗಿದ್ದಾರೆ. ಸ್ನಾನ ಮಾಡಿ ಎಡೆ ಇಟ್ಟಿದ್ದಾರೆ. ಅಪ್ಪನಿಗೆ ಬ್ರಾಂದಿ ಎಂದರೆ ಪ್ರಾಣ, ಹಾಗಾಗಿ ಬ್ರಾಂದಿ. ಅವರ ಮನೆತನದಲ್ಲಿ ಹಿರಿಯರಿಗೆ ಇಟ್ಟದ್ದನ್ನು ಚೆಲ್ಲುವ ಹಾಗಿಲ್ಲ. ದೊಡ್ಡ ಮಗ ಮೊದಲು ತಗೊಳ್ಳಬೇಕು, ಆಮೇಲೆ ಉಳಿದವರು. ಅಜ್ಜನ ಎಡೆಗೆ ಅಪ್ಪ ತಗೊಂಡಿದ್ದರು. ಅಪ್ಪನ ಎಡೆಗೆ ಇವರು ತಗೊಂಡರು. ತಮ್ಮಂದಿರು, "ಇನ್ನೊಂಚೂರು ತಗೊಳ್ಳಣ್ಣ, ಅಪ್ಪ ಬೇಜಾರ್ ಮಾಡ್ಕೊಂಡಾನು," ಎಂದು ಮತ್ತೆ ಬಗ್ಗಿಸಿದರಂತೆ. ಇದೆಲ್ಲ ಆಮೇಲೆ ಅವರ ಹೆಂಡತಿಯ ಬಾಯಲ್ಲಿ ಕೇಳಿದ್ದು.

ಅಷ್ಟಾದ ಮೇಲೆ ಎದ್ದು ವ್ಯಾನಿನ ಕೀ ತಗೊಂಡು ಶಾಲೆಗೆ ಹೊರಟಿದ್ದಾರೆ! ಒಬ್ಬರೂ ಬೇಡ ಅನ್ನಲಿಲ್ಲ. ಮನೆ ತುಂಬ ಜನ, ಹೆಂಗಸರು ಗಂಡಸರು, ಎಲ್ಲರೂ ಇದ್ದರು. ಕುಡಿದಿದ್ದಾರೆ ಅಂತ ಅವರಿಗೂ ಅನ್ನಿಸಿಲ್ಲ, ಮನೆಯವರಿಗೂ ಅನ್ನಿಸಿಲ್ಲ. ಕುಡಿಯುವುದು ಅಂದರೆ ಬಾರಿನಲ್ಲಿ ಕೂತು ಕುಡಿಯುವುದು. ಇದು ಪ್ರಸಾದ. ಇದಕ್ಕೆ ಏನು ಹೇಳುವುದು? ನಾನು ಈಗಲೂ ಒಬ್ಬಳೇ ಪಾತ್ರೆ ತೊಳೆಯುವಾಗ ಅವರ ಜೊತೆ ಜಗಳವಾಡುತ್ತೇನೆ. ಒಂದು ಹನಿ ತುಟಿಗೆ ಮುಟ್ಟಿಸಿ ಬಿಟ್ಟಿದ್ದರೆ ಸಾಕಿತ್ತಲ್ಲ ಅಂಕಲ್! ಒಂದು ಫೋನ್ ಮಾಡಿದ್ದರೆ ನಾವೇ ಹೋಗಿ ಮಕ್ಕಳನ್ನು ಕರೆತರುತ್ತಿದ್ದೆವಲ್ಲ...

ಆ ಮಧ್ಯಾಹ್ನ ಗೇಟಿನ ಹತ್ತಿರ ಕಾದೆ. ವ್ಯಾನು ಬರಲಿಲ್ಲ. ಅವರು ನಿಧಾನವೇ ಆದರೂ ತಪ್ಪುವವರಲ್ಲ. ಅಷ್ಟರಲ್ಲಿ ಇನ್ನೊಂದು ಮಗುವಿನ ತಾಯಿ ಫೋನ್ ಮಾಡಿದಳು. ಶಾಲಾ ವಾಹನಗಳನ್ನು ತಡೆದು ಟ್ರಾಫಿಕ್ ಪೊಲೀಸರು ಚೆಕ್ ಮಾಡುತ್ತಿದ್ದಾರೆ, ನಮ್ಮ ವ್ಯಾನು ಅಲ್ಲೇ ನಿಂತಿದೆ, ಬೇಗ ಬನ್ನಿ ಎಂದಳು. ಆಟೋ ಹಿಡಿದು ಹೋದೆ. ಮುಚ್ಚಿದ ಟೈರಿನ ಅಂಗಡಿಯೊಂದರ ಮೆಟ್ಟಿಲ ಮೇಲೆ ಮಕ್ಕಳು ಬ್ಯಾಗು ತೊಡೆಯ ಮೇಲಿಟ್ಟುಕೊಂಡು ಸಾಲಾಗಿ ಕೂತಿದ್ದವು. ಮಹಿಳಾ ಕಾನ್‌ಸ್ಟೇಬಲ್ ಒಬ್ಬರು ನೀರಿನ ಬಾಟಲಿ ಹಿಡಿದು ಒಬ್ಬೊಬ್ಬರಿಗೂ ಕುಡಿಸುತ್ತಿದ್ದರು. ವ್ಯಾನಿನ ಮುಂದೆ ಇವರು, ಹಣೆಯ ಮೇಲೆ ಇನ್ನೂ ಹಸಿಯಾಗಿದ್ದ ವಿಭೂತಿ.

"ಕುಡ್ದಿಲ್ಲ ಸಾರ್. ಪ್ರಸಾದ ತಗೊಂಡಿದ್ದೀನಿ ಅಷ್ಟೆ."

"ಪ್ರಸಾದನಾ?" ಪೊಲೀಸಿನವರು ಮಿಷನ್ನಿನ ನಳಿಕೆ ಬದಲಿಸುತ್ತ ಕೇಳಿದರು. "ಯಾವ್ ದೇವಸ್ಥಾನದ್ದಯ್ಯಾ ಇದು? ಅಡ್ರೆಸ್ ಕೊಡು, ಡ್ಯೂಟಿ ಮುಗಿಸ್ಕೊಂಡು ನಾವೂ ಹೋಗಿ ಕೈ ಮುಗೀತೀವಿ."

"ಅಂಗಲ್ಲ ಸಾರ್. ನಮ್ಮಪ್ಪಂಗೆ ಇಟ್ಟಿದ್ದ ಎಡೆ. ದೊಡ್ಡ ಮಗ ನಾನು, ಬಾಯಿಗ್ ಬಿಟ್ಕೊಬೇಕು..."

"ಬಾಯಿಗ್ ಬಿಟ್ಕೊಂಡಿದ್ದು ಹೊಟ್ಟೆಗ್ ಹೋಯ್ತು, ಹೊಟ್ಟೆಗ್ ಹೋಗಿದ್ದು ಮಿಷನ್‌ಗೆ ಬಂತು. ಊದು ಇನ್ನೊಂದ್ ಸಲ."

ಊದಿದರು. ಮೂವತ್ತು ದಾಟಬಾರದಂತೆ, ಅದನ್ನು ಎಲ್ಲೋ ಹಿಂದೆ ಬಿಟ್ಟು ಬಂದಿತ್ತು ಅಂಕಿ. ಆಗ ನನ್ನನ್ನು ಕಂಡರು. ಮುಖ ಅರಳಿತು, ದಾರಿ ತಪ್ಪಿದವರಿಗೆ ಮನೆಯವರು ಸಿಕ್ಕ ಹಾಗೆ. "ಅಕ್ಕಾ, ನೀವಾದ್ರೂ ಯೋಳಿ ಸಾಹೇಬ್ರಿಗೆ. ನಾನ್ ಕುಡಿಯೋನಾ?"

ಅಲ್ಲ ಎಂದು ಹೇಳುವುದಕ್ಕೇ ಬಾಯಿ ತೆರೆದೆ. ಅವರು ಒಂದು ಹೆಜ್ಜೆ ಹತ್ತಿರ ಬಂದರು. ಕರ್ಪೂರ, ಮಸಾಲೆ, ಅವೆರಡರ ಅಡಿಯಿಂದ ಬ್ರಾಂದಿ... "ಮಕ್ಕಳಿದ್ರಲ್ಲಾ ಅಂಕಲ್," ಎಂದೆ. ಅಷ್ಟೇ ಹೊರಟದ್ದು.

ವ್ಯಾನು ಪೊಲೀಸರ ವಶವಾಯಿತು. ಲೈಸೆನ್ಸು ತೆಗೆದುಕೊಂಡು ಕೋರ್ಟಿಗೆ ಬರಲು ಚೀಟಿ ಕೊಟ್ಟರು. ನಾನು ಮಗನನ್ನು ಆಟೋದಲ್ಲಿ ಕೂರಿಸಿಕೊಂಡು ಹೊರಟೆ. ಅರ್ಧ ದಾರಿಯಲ್ಲಿ ಅವನು ನನ್ನ ಕೈ ಎಳೆದು ಖುಷಿಯಾಗಿ ಹೇಳಿದ, "ಅಮ್ಮಾ, ಇವತ್ತು ವ್ಯಾನ್ ಅಂಕಲ್ ಸಕ್ಕತ್ ಸ್ಪೀಡಾಗಿ ಓಡಿಸಿದ್ರು! ಹಂಪ್ ಬಂದಾಗ ನಾವೆಲ್ಲಾ ಮೇಲಕ್ಕೆ ಎಗರಿದ್ವಿ. ಕೈ ಒಳಗಿದ್ಯಾ ಅಂತಾನೂ ಕೇಳ್ಲಿಲ್ಲ."

ಆ ದಿನ ಅವನನ್ನು ಮಲಗಿಸಿ ತಲೆ ಸವರುತ್ತ ಬಹಳ ಹೊತ್ತು ಕೂತಿದ್ದೆ.

ಮರುದಿನ ಅವರ ಹೆಂಡತಿ ಬಂದರು. ಬಾಗಿಲಲ್ಲೇ ನಿಂತು, "ನೀವ್ ಓದ್ದೋರು, ಕೋರ್ಟಿಗೆ ಒಂದ್ ಸಲ ಜೊತೇಲ್ ಬನ್ನಿ ಅಕ್ಕಾ. ಅವ್ರು ಯಾರ್ ಮಾತೂ ಕೇಳ್ತಿಲ್ಲ," ಎಂದರು. ಯಜಮಾನರಿಗೆ ಇಷ್ಟವಿರಲಿಲ್ಲ. "ಮಗನ ಜೀವ ಹೋಗ್ತಿತ್ತು, ನೀನು ಅವನಿಗೆ ವಕಾಲತ್ತಾ?" ಎಂದರು. ಅದೂ ಸರಿಯೇ. ಆದರೂ ಹೋದೆ. ಹೋಗುವ ಮುಂಚೆ ಕಾನೂನು ಏನು ಹೇಳುತ್ತದೆ ಎಂದು ಫೋನಿನಲ್ಲಿ ಓದಿಕೊಂಡೆ. ಮೊದಲ ಸಲ ಸಿಕ್ಕರೆ ಹತ್ತು ಸಾವಿರದವರೆಗೆ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಮತ್ತೆ ಸಿಕ್ಕರೆ ಹದಿನೈದು ಸಾವಿರ, ಎರಡು ವರ್ಷದವರೆಗೆ ಜೈಲು. ಬ್ರಾಂದಿಗೂ ಎಡೆಯ ಬ್ರಾಂದಿಗೂ ಕಾನೂನಿನಲ್ಲಿ ವ್ಯತ್ಯಾಸವೇ ಇರಲಿಲ್ಲ. ಇರಬೇಕಾಗಿಯೂ ಇಲ್ಲ.

ಕೋರ್ಟಿನ ಆವರಣದಲ್ಲಿ ಅಂಥದೇ ಕೇಸಿನವರು ಗುಂಪು ಗುಂಪಾಗಿ ನಿಂತಿದ್ದರು. ಕೊರಳಲ್ಲಿ ಕಂಪನಿಯ ಐಡಿ ಕಾರ್ಡು ಹಾಕಿಕೊಂಡೇ ಬಂದ ಹುಡುಗರು, ಬೈಕಿನ ಹೆಲ್ಮೆಟ್ ಹಿಡಿದವರು. ಕಂಕುಳಲ್ಲಿ ಫೈಲು ಸಿಕ್ಕಿಸಿಕೊಂಡ ಒಬ್ಬ ಎಲ್ಲರ ಹತ್ತಿರ ಹೋಗಿ, "ಒಪ್ಕೊಂಬಿಡಿ ಗುರು, ದುಡ್ ಕಟ್ಟಿ, ಗಾಡಿ ತಗೊಳ್ಳಿ, ಹೋಗ್ತಾ ಇರಿ. ಇದೇನ್ ಕೊಲೆ ಕೇಸಾ?" ಎನ್ನುತ್ತಿದ್ದ. ಎಲ್ಲರೂ ಅದನ್ನೇ ಮಾಡುತ್ತಿದ್ದರು. ಹೆಸರು ಕರೆದರೆ ಒಳಗೆ, ಒಪ್ಪಿಗೆ, ದಂಡ, ಹೊರಗೆ. ಒಪ್ಪಿಕೊಂಡರೆ ಅದು ಶಿಕ್ಷೆಯಾಗಿ ಹೆಸರಿಗೆ ಅಂಟಿಕೊಳ್ಳುತ್ತದೆ ಎಂದು ಆತ ಯಾರಿಗೂ ಹೇಳಿದ್ದು ನನ್ನ ಕಿವಿಗೆ ಬೀಳಲಿಲ್ಲ.

ನಮ್ಮ ಅಂಕಲ್ ಸರದಿ ಬಂತು. ನಾನು ಹಿಂದಿನ ಬೆಂಚಿನಲ್ಲಿ, ಶಾಲೆಯ ಚಾಪೆಲಿನಲ್ಲಿ ಪ್ರಾರ್ಥನೆಗೆ ಕೂರುತ್ತಿದ್ದ ಹಾಗೆ ಕೈ ಕಟ್ಟಿ ಕೂತಿದ್ದೆ. ನ್ಯಾಯಾಧೀಶರು ಹೆಂಗಸು, ಕನ್ನಡಕ ಮೂಗಿನ ತುದಿಗೆ ಜಾರಿತ್ತು. ತಪ್ಪು ಒಪ್ಪಿಕೊಳ್ಳುತ್ತೀರಾ ಎಂದು ಕೇಳಿದರು.

"ಇಲ್ಲ ಸ್ವಾಮಿ."

ಗುಮಾಸ್ತರು ತಲೆ ಎತ್ತಿದರು. ಬೆಳಿಗ್ಗೆಯಿಂದ ಯಾರೂ ಇಲ್ಲ ಎಂದಿರಲಿಲ್ಲ ಅಂತ ಕಾಣುತ್ತದೆ.

"ಕುಡಿದಿರಲಿಲ್ವಾ ಹಾಗಾದ್ರೆ?"

"ತಗೊಂಡಿದ್ದೆ. ನಮ್ಮಪ್ಪನ ಎಡೇಲಿ. ಅದನ್ನ ತಪ್ಪು ಅಂತ ಎಂಗ್ ಒಪ್ಕೊಳ್ಳದು ಸ್ವಾಮಿ? ಒಪ್ಕೊಂಡ್ರೆ ನಮ್ಮಪ್ಪಂಗೆ ಮಾಡಿದ್ದೇ ತಪ್ಪು ಅಂದಂಗಾಯ್ತದೆ."

ಹಿಂದಿನಿಂದ ಯಾರೋ ಕಿಸಕ್ಕೆಂದರು. ನ್ಯಾಯಾಧೀಶರು ನಗಲಿಲ್ಲ. "ನೀವು ಎಡೆ ಇಟ್ಟಿದ್ದನ್ನ ಇಲ್ಲಿ ಯಾರೂ ಕೇಳ್ತಿಲ್ಲ. ಆಮೇಲೆ ಮಕ್ಕಳನ್ನ ಕೂರಿಸಿಕೊಂಡು ಗಾಡಿ ಓಡಿಸಿದ್ರಲ್ಲ, ಅದನ್ನ ಕೇಳ್ತಿರೋದು. ಹೊರಗೆ ಹೋಗಿ ಯೋಚನೆ ಮಾಡಿ. ಬೇಕಾದ್ರೆ ವಕೀಲರನ್ನ ಇಟ್ಟುಕೊಳ್ಳಿ. ಮಧ್ಯಾಹ್ನ ಮತ್ತೆ ಕರೆಸ್ತೀನಿ."

ಹೊರಗೆ ಹೊಂಗೆಮರದ ಕೆಳಗೆ ಕಲ್ಲಿನ ಮೇಲೆ ಕೂತರು. ಹೆಂಡತಿ ಕಣ್ಣೊರೆಸಿಕೊಂಡು, ಕೇಸು ನಡೆದರೆ ವ್ಯಾನು ಅಲ್ಲೇ ಕೊಳೆಯುತ್ತದೆ, ಊಟಕ್ಕೇನು ಮಾಡೋಣ ಎಂದರು. "ನಮ್ಮಪ್ಪನ್ ಮಾನ ಓಯ್ತದೆ," ಎಂದು ಇವರದು ಅದೇ ಮಾತು. ಕಾನೂನು ಸಹಾಯದ ವಕೀಲರೊಬ್ಬರು ಬಂದು ಕಷ್ಟಪಟ್ಟು ಬಿಡಿಸಿ ಹೇಳಿದರು. ಅವರಿಗೂ ಅದೇ ಉತ್ತರ. ನಾನು ಜೋರಾಗಿ ಮಾತಾಡುವವಳಲ್ಲ. ಸಿಸ್ಟರುಗಳು ನಮಗೆ ಮೊದಲು ಕಲಿಸಿದ್ದೇ ದನಿ ತಗ್ಗಿಸುವುದನ್ನು. ಆದರೆ ಆ ಹೊತ್ತು ತಾಳ್ಮೆ ತಪ್ಪಿತು. "ಅಂಕಲ್, ಸಾಕು ಮಾಡಿ ನಿಮ್ಮಪ್ಪನ ಮಾತು! ನನ್ನ ಮಗ ಏನು ಹೇಳಿದ ಗೊತ್ತಾ? ನೀವು ಅವತ್ತು ಸ್ಪೀಡಾಗಿ ಓಡಿಸಿದ್ರಂತೆ. ಹಂಪ್ ನೋಡ್ಲಿಲ್ಲವಂತೆ. ಮಕ್ಕಳೆಲ್ಲಾ ಸೀಟಿಂದ ಎಗರಿದ್ರಂತೆ. ಕಿಟಕೀಲಿ ಕೈ ಇದ್ಯಾ ಅಂತ ಕೇಳೋದನ್ನೂ ಮರೆತಿದ್ರಂತೆ."

ಅವರು ನನ್ನನ್ನು ನೋಡಿದರು. ನಾನು ಯಾರದೋ ವಿಷಯ ಹೇಳುತ್ತಿದ್ದೇನೆ ಎಂಬಂತೆ.

"ಎಗರಿದ್ರಾ?"

"ಹೂಂ."

"ನಾನ್ ಕೇಳ್ಲಿಲ್ವಾ ಅಕ್ಕಾ? ಕೈ?"

"ಇಲ್ಲ."

ಅವರು ತಮ್ಮ ಎರಡೂ ಕೈಗಳನ್ನು ಮಂಡಿಯ ಮೇಲಿಟ್ಟುಕೊಂಡು ನೋಡುತ್ತ ಕೂತರು. ಹೆಂಡತಿ ತಂದಿದ್ದ ಚಿತ್ರಾನ್ನ ಮುಟ್ಟಲಿಲ್ಲ. ಮಧ್ಯಾಹ್ನ ಹೆಸರು ಕರೆದಾಗ ಒಳಗೆ ಹೋಗಿ ಕೈ ಮುಗಿದು ನಿಂತರು. "ಎಡೆ ತಪ್ಪಲ್ಲ ಸ್ವಾಮಿ. ವ್ಯಾನ್ ಓಡಿಸಿದ್ದು ತಪ್ಪು. ಮಕ್ಕಳು ಎಗರಿದ್ವಂತೆ, ನನಗ್ ಗೊತ್ತೇ ಆಗಿಲ್ಲ. ಏನ್ ಕೊಡ್ತೀರೋ ಕೊಡಿ." ಅಷ್ಟೂ ಮಾತಿನಲ್ಲಿ ಬರೆದುಕೊಂಡದ್ದು ತಪ್ಪೊಪ್ಪಿಕೊಂಡರು ಎಂಬುದೊಂದನ್ನೇ.

ಮಕ್ಕಳ ವಾಹನವಾದ್ದರಿಂದ ದಂಡ ಪೂರ್ತಿಯಾಗಿ ಬಿತ್ತು. ಜೊತೆಗೆ ಆ ದಿನ ಕೋರ್ಟು ಏಳುವ ತನಕ ಸಜೆ. ಅಂಥದೊಂದು ಶಿಕ್ಷೆ ಇದೆ ಎಂದು ನನಗೆ ಗೊತ್ತಿರಲಿಲ್ಲ. ಜೈಲಿಗೆ ಕಳಿಸುವುದಿಲ್ಲ, ನ್ಯಾಯಾಧೀಶರು ಎದ್ದು ಹೋಗುವವರೆಗೂ ಅಲ್ಲೇ, ಅದೇ ಕೋಣೆಯಲ್ಲಿ ಕೂತಿರಬೇಕು. ಮೂಲೆಯ ಬೆಂಚಿನಲ್ಲಿ ಕೂತರು. ಬೇರೆಯವರ ಕೇಸುಗಳು ಬಂದವು, ಹೋದವು. ಐಡಿ ಕಾರ್ಡಿನ ಹುಡುಗರು ನಗುತ್ತ ಬಂದು ನಗುತ್ತ ಹೋದರು. ಇವರು ಬೆನ್ನು ನೆಟ್ಟಗೆ ಮಾಡಿ, ಬಾಯ ಮೇಲೆ ಬೆರಳಿಡಲು ಹೇಳಿದ ಮಗುವಿನ ಹಾಗೆ... ನನಗೆ ನೋಡಲಾಗಲಿಲ್ಲ. ಹಾಗಂತ ಅದು ಅನ್ಯಾಯ ಎಂದೂ ಅನ್ನಿಸಲಿಲ್ಲ. 

ಮುಗಿಯಿತು ಎಂದುಕೊಂಡರು ಅವರು. ಮುಗಿಯುವುದು ಅಷ್ಟು ಸುಲಭವೇ? ಆರ್‌ಟಿಓ ಕಚೇರಿಯಿಂದ ನೋಟಿಸು ಬಂತು, ಲೈಸೆನ್ಸು ಆರು ತಿಂಗಳು ಅಮಾನತು. "ದಂಡ ಕಟ್ಟಿದ್ನಲ್ಲ ಅಕ್ಕಾ, ಕೂತ್ಕೋ ಅಂದ್ರು ಕೂತಿದ್ನಲ್ಲ, ಮತ್ತ್ ಇದೇನು?" ಎಂದು ಹಿಡಿದು ತಂದರು. ಅದು ಬೇರೆ, ಇದು ಬೇರೆ ಎಂದು ವಿವರಿಸಿದೆ. ಕೋರ್ಟಿನದು ಶಿಕ್ಷೆ, ಇದು ಲೈಸೆನ್ಸು ಕೊಟ್ಟವರು ತೆಗೆದುಕೊಳ್ಳುವ ಕ್ರಮ. ಮರುವಾರ ಮತ್ತೆ ಬಂದು ಅದನ್ನೇ ಕೇಳಿದರು. ಮತ್ತೆ ವಿವರಿಸಿದೆ. ನನಗೇ ಅರ್ಥವಾಗದ್ದನ್ನು ಮೂರನೆಯ ಸಲ ವಿವರಿಸುವಾಗ ಅಳು ಬರುವಷ್ಟು ರೇಗಿತ್ತು.

ಆರು ತಿಂಗಳು ಹೇಗೋ ಕಳೆಯಿತು. ಅಮಾನತು ಮುಗಿದ ದಿನ ವ್ಯಾನಿಗೆ ಹಾರ ಹಾಕಿಕೊಂಡು ಶಾಲೆಗೆ ಹೋಗಿದ್ದಾರೆ. ಗೇಟಿನಲ್ಲೇ ತಡೆದರು. ನಿಯಮವೇ ಹಾಗಿದೆಯಂತೆ. ಬೇರೆ ತಪ್ಪುಗಳಿಗೆ ಒಂದೆರಡು ಸಲ ಮಾಫಿ ಇದೆ. ಕುಡಿದು ಓಡಿಸಿ ಒಂದೇ ಒಂದು ಸಲ ಸಿಕ್ಕವರೂ ಶಾಲೆಯ ಮಕ್ಕಳ ವಾಹನ ಓಡಿಸುವಂತಿಲ್ಲ. ಆರು ತಿಂಗಳಲ್ಲ, ವರ್ಷವಲ್ಲ, ಮುಂದೆ ಯಾವತ್ತೂ ಇಲ್ಲ. ಆ ಮಾತನ್ನು ಕೋರ್ಟೂ ಹೇಳಿರಲಿಲ್ಲ, ಆರ್‌ಟಿಓ ಕೂಡ ಹೇಳಿರಲಿಲ್ಲ. ಫೈಲು ಸಿಕ್ಕಿಸಿಕೊಂಡವನಂತೂ ಹೇಳಿಯೇ ಇರಲಿಲ್ಲ.

ಹೆಡ್‌ಮಿಸ್ಟ್ರೆಸ್ ಹತ್ತಿರ ಮಾತಾಡಲು ನಾನೇ ಹೋದೆ. ವಯಸ್ಸಾದ ಸಿಸ್ಟರ್, ನನ್ನ ಶಾಲೆಯ ಸಿಸ್ಟರುಗಳ ಹಾಗೆಯೇ ಮೆತ್ತಗಿನ ದನಿ. ಎಲ್ಲ ಕೇಳಿಸಿಕೊಂಡರು. ಎಡೆಯ ವಿಷಯ, ಅಪ್ಪನ ವಿಷಯ, ಎಷ್ಟೋ ವರ್ಷ ಒಂದು ಗೀರೂ ಬೀಳದಂತೆ ಮಕ್ಕಳನ್ನು ತಂದ ವಿಷಯ. ಕೊನೆಗೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ನಿಯಮ ಪಕ್ಕಕ್ಕಿಡೋಣ. ನೀವು ನಾಳೆ ನಿಮ್ಮ ಮಗನನ್ನ ಅವರ ಜೊತೆ ಕಳಿಸ್ತೀರಾ?" ಎಂದು ಕೇಳಿದರು.

ನಾನು ಹೊರಗೆ ಆಟವಾಡುತ್ತಿದ್ದ ಮಕ್ಕಳನ್ನು ನೋಡಿದೆ. ಹಂಪ್ ಬಂದಾಗ ಎಗರಿದ್ವಿ ಎಂದು ನಕ್ಕ ಮುಖ ಕಣ್ಣ ಮುಂದೆ ಬಂತು. ಇಲ್ಲ ಎಂದು ತಲೆಯಾಡಿಸಿದೆ.  ಇವತ್ತು ಕೇಳಿದರೂ ನನ್ನ ಉತ್ತರ ಅದೇ. ಅದಕ್ಕೇ ಅಲ್ಲವೇ ಇಷ್ಟು ಸಿಟ್ಟು. ಇಂಥ ಮನುಷ್ಯನನ್ನು ನಂಬಲಾರದ ಸ್ಥಿತಿಗೆ ನನ್ನನ್ನು ತಂದಿಟ್ಟರಲ್ಲ ಎಂದು.

ವ್ಯಾನು ಮಾರಿದರು. ಕಂಪನಿಗಳಿಗೆ ಕ್ಯಾಬ್ ಓಡಿಸಲು ಹೋದರೆ ಅಲ್ಲಿಯೂ ಹಿನ್ನೆಲೆ ಪರಿಶೀಲನೆ, ಅಲ್ಲಿಯೂ ಅದೇ ಕೇಸು ಮೇಲೆದ್ದು ಬಂತು. ಕೊನೆಗೆ ಕೈಗಾರಿಕಾ ಪ್ರದೇಶದಲ್ಲಿ ಗೋಡೌನಿನಿಂದ ಫ್ಯಾಕ್ಟರಿಗೆ ರಟ್ಟಿನ ಪೆಟ್ಟಿಗೆ ಸಾಗಿಸುವ ಟೆಂಪೊ ಸಿಕ್ಕಿತು. ಒಂದು ದಿನ ಮಗನ ಶೂ ತರಲು ಹೋಗಿದ್ದಾಗ ಸರ್ಕಲ್ಲಿನಲ್ಲಿ ಕಂಡರು. ಎಡಗಡೆ ಹಿಡಿದು ಅದೇ ನಿಧಾನ. ಹಿಂದಿನವರು ಹಾರ್ನು ಹೊಡೆದು ಬೈಯುತ್ತಿದ್ದರು. ನನ್ನನ್ನು ಕಂಡು ಟೆಂಪೊ ನಿಲ್ಲಿಸಿ ಇಳಿದರು.

"ಎಂಗಿದ್ದಾನೆ ನಮ್ ಹುಡ್ಗ?"

"ಚೆನ್ನಾಗಿದ್ದಾನೆ ಅಂಕಲ್. ನೀವು ಹೇಗಿದ್ದೀರಿ? ಕೆಲಸ ಪರವಾಗಿಲ್ವಾ?"

"ಪರವಾಗಿಲ್ಲ. ಪೆಟ್ಗೆ ಏನ್ ಕೂಗಾಡಲ್ಲ, ಎಗರಿದ್ರೂ ಯಾರ್ಗೂ ಯೋಳಲ್ಲ." ನಗಲು ನೋಡಿದರು. "ಮಾತೇ ಆಡಲ್ಲ ಅಕ್ಕಾ, ಅದೇ ಬೇಜಾರು."

ಪಕ್ಷ ಹತ್ತಿರವಿತ್ತು. ನಾನು ಸುಮ್ಮನಿರಲಾರದೆ, "ಈ ಸಲ ಎಡೆ ದಿನ ರಜಾ ಹಾಕಿ ಅಂಕಲ್," ಎಂದೆ.

"ಬಾಟ್ಲು ಇಡ್ತೀನಿ. ಎಡೆ ಎತ್ತಿದ್ ಮೇಲೆ ಚಿಕ್ಕ ತಮ್ಮನ್ ಕೈಗ್ ಕೊಡ್ತೀನಿ. ಅವ್ನು ಸೈಕಲ್ಲೂ ತುಳಿಯಾಕಿಲ್ಲ."

"ದೊಡ್ಡ ಮಗನೇ ತಗೋಬೇಕು ಅಂತಿದ್ರಿ?"

"ಅಪ್ಪಂಗೆ ಯೋಳಿದೀನಿ," ಎಂದರು. "ನನಗ್ ಬ್ಯಾಡ ಅಂತ." ಇಷ್ಟು ಸುಲಭದ ಮಾತು. ಒಂದು ವರ್ಷ ಮುಂಚೆ ಹೇಳಿದ್ದರೆ ಆಗುತ್ತಿರಲಿಲ್ಲವೇ?  ಅವರು ಟೆಂಪೊ ಹತ್ತಿದರು. ಗೇರು ಹಾಕುವ ಮುಂಚೆ ಅಭ್ಯಾಸಬಲದಿಂದ ಕತ್ತು ಹಿಂದೆ ತಿರುಗಿತು. ಹಿಂದೆ ತಗಡಿನ ಗೋಡೆ.

ಹೋದ ಚಳಿಗಾಲದಲ್ಲಿ ಗೋಡೌನಿನಲ್ಲಿ 'ಎದೆ ಹಿಡಿದಂಗಾಗ್ತದೆ' ಎಂದು ಕೂತವರು ಮತ್ತೆ ಏಳಲಿಲ್ಲವಂತೆ. ನನಗೆ ತಿಳಿದದ್ದು ಹನ್ನೊಂದನೇ ದಿನವೂ ಕಳೆದ ಮೇಲೆ. ಮಗನಿಗೆ ಹೇಳಿದಾಗ ಅವನು ಮೊಬೈಲ್ ಕೆಳಗಿಟ್ಟು, "ಯಾವ ಅಂಕಲ್? ಸ್ಲೋ ಅಂಕಲ್ಲಾ?" ಎಂದು ಕೇಳಿದ. ಆ ಒಂದು ದಿನದ ಸ್ಪೀಡು ಅವನಿಗೆ ಮರೆತೇ ಹೋಗಿತ್ತು. ಸರ್ಕಾರದ ಕಂಪ್ಯೂಟರಿನಲ್ಲಿ ಮಾತ್ರ ಅದು ಹಾಗೇ ಇದೆ, ಉಳಿದ ದಿನಗಳ ನಿಧಾನ ಅಲ್ಲಿ ಎಲ್ಲೂ ಇಲ್ಲ...

ಹೋದ ವಾರ ಸಂತೆಯಲ್ಲಿ ಅವರ ಹೆಂಡತಿ ಸಿಕ್ಕಿದ್ದರು. ಬಾಳೆಎಲೆ ಆರಿಸುತ್ತಿದ್ದರು. ಈ ಪಕ್ಷದಲ್ಲಿ ಅವರಿಗೆ ಮೊದಲ ಎಡೆ. "ಏನ್ ಇಡ್ಬೇಕೋ ಗೊತ್ತಾಗ್ತಿಲ್ಲ ಅಕ್ಕಾ. ಅವ್ರಿಗೆ ಇಂಥದೇ ಬೇಕು ಅಂತ ಆಸೆನೇ ಇರ್ಲಿಲ್ಲ. ಟೀ ಕುಡೀತಿದ್ರು, ಬನ್ನು ಅದ್ಕೊಂಡು," ಎಂದರು. ನಾನೂ ಒಂದು ಎಲೆ ಆರಿಸಿಕೊಟ್ಟೆ, ಸೀಳಿಲ್ಲದ್ದು.

ಇವತ್ತು ದಿನವಿಡೀ ಇದೇ ತಲೆಯಲ್ಲಿ. ಹೆಸರುಕಾಳಿನ ಪಲ್ಯ ತಳ ಹಿಡಿಯಿತು. ಮಗ ಬಂದು ತಿಂಡಿ ತಿಂದು ಟ್ಯೂಷನ್ನಿಗೆ ಹೋದ. ಸಂಜೆ ಒಣಗಿದ ಬಟ್ಟೆ ತೆಗೆಯಲು ಮಹಡಿಗೆ ಹೋದೆ. ಹೋದ ತಿಂಗಳಷ್ಟೇ ಮೇಲಿನ ಮನೆಗೆ ಬಾಡಿಗೆಗೆ ಬಂದ ಹುಡುಗಿ, ಮೂರು ವರ್ಷದ ಮಗಳನ್ನು ಸೊಂಟಕ್ಕೇರಿಸಿಕೊಂಡು ಇನ್ನೊಂದು ಕೈಯಲ್ಲಿ ಕ್ಲಿಪ್ಪು ಕೀಳುತ್ತಿದ್ದಳು. ರಸ್ತೆಯಲ್ಲಿ ಯಾವುದೋ ಶಾಲೆಯ ವ್ಯಾನು ಧೂಳೆಬ್ಬಿಸಿಕೊಂಡು ಹೋಯಿತು. ಅದನ್ನು ನೋಡಿ ಅವಳು ಟವೆಲ್ ಹೆಗಲಿಗೆ ಹಾಕಿಕೊಳ್ಳುತ್ತ ಹೇಳಿದಳು:

"ಅಕ್ಕಾ, ಬರೋ ವರ್ಷ ಇವಳಿಗೂ ಒಂದು ವ್ಯಾನ್ ನೋಡ್ಬೇಕು. ಮೆತ್ತಗೆ ಓಡಿಸೋರು ಯಾರಾದ್ರೂ ಗೊತ್ತಿದ್ರೆ ಹೇಳಿ. ಈ ಊರಿನ ಡ್ರೈವರ್‌ಗಳು ಮಾತ್ರ ಬೇಡಪ್ಪಾ, ಎಲ್ಲಾ ಕುಡುಕ್ರಂತೆ."